ಗೋಡೆಗೆ ಎರಡು ಬಡಿತ

ಭಾನುವಾರ,
ಅಮ್ಮನ ಕೋಣೆಯಿಂದ

ಪುಟ್ಟಿ,

ಮೊದಲು ಲೆಕ್ಕ ಒಪ್ಪಿಸುತ್ತೇನೆ, ಕುಶಲ ಆಮೇಲೆ. ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಡುವ ಮನೆಗಳಿಗೆ ನಿಯಮ ತರುತ್ತೇವೆ ಎಂದರು ನಗರಸಭೆಯವರು. ಕರಡು ಮಾಡಿ ಕಪಾಟಿನಲ್ಲಿಟ್ಟರು. ಮಾಲೀಕರು ತಾವೇ ವಾಸವಿರುವ ಮನೆಯನ್ನಷ್ಟೇ ಕೊಡಬಹುದು ಎಂಬ ಸಾಲು ಹಾಕುತ್ತೇವೆ ಎಂದರು. ಹಾಕಿ, ಹೊಡೆದುಹಾಕಿದರು. ನೆರೆಹೊರೆಯವರ ಮಾತು ಕೇಳುತ್ತೇವೆ ಎಂದರು. ನಮ್ಮ ಸರದಿಗೆ ಮೈಕು ಕೆಟ್ಟಿತು. ಮಾಲೀಕರ ಸರದಿಗೆ ತಾನಾಗೇ ಸರಿಹೋಯಿತು.

ಆ ಮೈಕಿನಲ್ಲಿ ನೀನು ಮಾತಾಡಿದೆ. ಹೊಲಿಗೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅಮ್ಮನ ಪಕ್ಕದ ಈ ನಿನ್ನ ಮನೆಯೇ ನಿನಗೆ ಅನ್ನ ಹಾಕುತ್ತಿದೆ ಎಂದೆ. ನಿಜ. ಅದನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ಬಸ್ ಡಿಪೋ ಹಿಂದಿನ ಒಂಟಿ ಕೋಣೆಯಲ್ಲಿದ್ದೇನೆ ಎಂದೆ. ಅದೂ ನಿಜ. ಆಮೇಲೆ ಹೇಳಿದೆ: "ನನ್ನ ಮನೆಯಿಂದ ಪಕ್ಕದವರಿಗೆ ಒಂದು ದಿನವೂ ತೊಂದರೆಯಾಗಿಲ್ಲ. ಪಕ್ಕದಲ್ಲಿದ್ದವಳು ನನ್ನ ತಾಯಿ."

ಚಪ್ಪಾಳೆ ಬಿತ್ತು. ಊರೆಲ್ಲ ಸೇರಿ ಮೂವತ್ತು ಮನೆ ಇಟ್ಟುಕೊಂಡ ಆ ಗುತ್ತಿಗೆದಾರ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವನಿಗೇನಮ್ಮ, ನಿನ್ನ ಬಡತನದ ಹಿಂದೆ ಅಡಗಿ ಕೂತರೆ ಅವನ ಮೂವತ್ತು ಬಾಗಿಲೂ ಭದ್ರ.

ಎದ್ದು ಉತ್ತರ ಕೊಡು ಎಂದು ನಮ್ಮ ನಿವಾಸಿಗಳ ಸಂಘದವರು ನನ್ನನ್ನು ತಿವಿದರು. ಬೀದಿಯಲ್ಲಿ ಗಂಟಲು ಹರಿದುಕೊಳ್ಳುವವಳು ಅವತ್ತು ಕುರ್ಚಿ ಬಿಟ್ಟು ಏಳಲಿಲ್ಲ. ನೀನು ಸುಳ್ಳು ಹೇಳಲಿಲ್ಲ. ನಿನಗೆ ಗೊತ್ತಿಲ್ಲ, ಅಷ್ಟೆ. ಗೊತ್ತಾಗದಂತೆ ನೋಡಿಕೊಂಡವಳು ನಾನು.

ಅಮ್ಮ ನಿದ್ದೆಯಲ್ಲೇ ಹೋದಳು ಎಂದಿದ್ದೆನಲ್ಲ, ಇಲ್ಲ ಕಣೇ. ಮಂಚದಿಂದ ಬಿದ್ದಿದ್ದಳು. ಬೆಳಿಗ್ಗೆ ಹಾಲು ಹಿಡಿದು ಬಂದು ಬಾಗಿಲು ತೆಗೆದರೆ ನಿನ್ನ ಮನೆಯ ಗೋಡೆಗೆ ಒರಗಿ ಕೂತಂತೆ ಇದ್ದಳು. ಬಲಗೈ ಗೆಣ್ಣುಗಳು ಕೆಂಪಗಿದ್ದವು. ಬಿದ್ದಾಗ ತರಚಿರಬೇಕು ಅಂದುಕೊಂಡೆ.

ಗೋಡೆಗೆ ಒಂದು ಬಡಿತ ಎಂದರೆ ಎದ್ದಿದ್ದೇನೆ. ಎರಡು ಎಂದರೆ ಬಾ. ಈ ಕಟ್ಟಡದಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ನಿನ್ನ ಅತಿಥಿಗಳಿಗೆ ವೈಫೈ, ಗೀಸರ್, ಕಸದ ಡಬ್ಬಿ ಎಲ್ಲ ಬರೆದು ಅಂಟಿಸಿದ್ದೀ. ಇದನ್ನು ಬರೆಯಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಆ ರಾತ್ರಿ ನಿನ್ನ ಮನೆಯಲ್ಲಿದ್ದ ಅತಿಥಿಗಳು, ಗಂಡ ಹೆಂಡತಿ, ಅವತ್ತೇ ಬೆಳಿಗ್ಗೆ ಪೆಟ್ಟಿಗೆ ಇಳಿಸುತ್ತಾ ಮೆಟ್ಟಿಲಲ್ಲಿ ಸಿಕ್ಕರು. ಒಳ್ಳೆಯ ಜನ. ಆಕೆ ಸಂಕೋಚದಿಂದ ಕೇಳಿದಳು: "ನಿನ್ನೆ ಸಂಜೆ ಅಜ್ಜಿ ಗೋಡೆ ಬಡಿದರು, ತಕ್ಷಣ ಹಾಡು ನಿಲ್ಲಿಸಿದೆವು. ಮತ್ತೂ ಬಡಿದರು, ಪಿಸುಮಾತಿಗೆ ಇಳಿದೆವು. ಅವರಿಗೆ ಬೇಜಾರಾಗಲಿಲ್ಲ ತಾನೇ?"

ಇಲ್ಲ ಎಂದೆ. ಇನ್ನೇನು ಹೇಳಲಿ?

ಅವರನ್ನು ಬೈಯಲಾರೆ, ನಿನ್ನನ್ನೂ ಬೈಯಲಾರೆ. ಮಾಲೀಕರೇ ವಾಸವಿರಬೇಕು, ಅಂದರೆ ಗೋಡೆಯಾಚೆ ಗುರುತಿನವರೊಬ್ಬರು ಇರಬೇಕು ಎಂಬ ಸಾಲನ್ನು ಹೊಡೆದುಹಾಕಿದ ಕೈಗೆ ನನ್ನ ಶಾಪ. ಆ ಸಾಲು ಮತ್ತೆ ಬರಬೇಕಾದರೆ ಅಮ್ಮನ ಸಂಗತಿಯನ್ನು ಯಾರಾದರೂ ನಗರಸಭೆಯ ಸಭಾಂಗಣದಲ್ಲಿ ಹೇಳಬೇಕು. ನಾನು ಹೇಳಿದರೆ ಜನ ನಿನ್ನನ್ನು ಹೆತ್ತವಳನ್ನು ತಿಂದವಳು ಅನ್ನುತ್ತಾರೆ. ನೀನೇ ಹೇಳಿದರೆ ತಲೆ ತಗ್ಗಿಸಿ ಕೇಳುತ್ತಾರೆ. ನಿಯಮ ಬಂದರೆ ಮನೆಗೆ ವಾಪಸು ಬಾ, ಒಂದು ಕೋಣೆ ಅತಿಥಿಗಳಿಗೆ ಕೊಡು, ಬೇಡ ಅಂದವರಾರು? ಊಟ ಅರೆಹೊಟ್ಟೆಯಾಗುತ್ತದೆ, ಗೊತ್ತು. ನನ್ನ ತಟ್ಟೆಯಲ್ಲಿ ಕೈ ಹಾಕು, ಚಿಕ್ಕಂದಿನಲ್ಲಿ ಹಾಕುತ್ತಿದ್ದ ಹಾಗೆ.

ನೀನು ಬಾಯಿ ಬಿಡದಿದ್ದರೆ ನಾನೂ ಬಿಡುವುದಿಲ್ಲ. ಚಳವಳಿಗಿಂತ ತಂಗಿ ದೊಡ್ಡವಳು ಅಂತ ಸಂಘದವರಿಗೆ ಹೇಳಲಾರೆ. ನಿನಗೆ ಹೇಳುತ್ತಿದ್ದೇನೆ.

ನಿನ್ನ ಜಗಳಗಂಟಿ
ಅಕ್ಕ

ತಾ.ಕ.: ಬರೆದು ಮುಗಿಸಿ, ಅಮ್ಮ ಕೂತಿದ್ದಲ್ಲೇ ಕೂತು ಗೋಡೆಗೆ ಎರಡು ಸಲ ಬಡಿದೆ. ಯಾಕೆ ಅಂತ ಕೇಳಬೇಡ. ಆ ಕಡೆ ಟಿವಿ ಸದ್ದು ಸಣ್ಣಗಾಯಿತು.

ನೀನಾದರೂ ಬಾ. ಮತ್ತೊಮ್ಮೆ ಅಹವಾಲು ಕೇಳುತ್ತಾರಂತೆ: ನಗರಸಭೆಯ ಮೇಲಿನ ಮಹಡಿಯ ಸಭಾಂಗಣ, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ.