ಉಪ್ಪಿನ ಡಬ್ಬಿ

ಅಪ್ಪಾ,

ನೀವು ಹೋದ ಮೇಲೆ ನನ್ನ ವಸಡಿನಲ್ಲೂ ರಕ್ತ. ಮೈಯೇ ತನ್ನ ವಸಡನ್ನು ಶತ್ರುವೆಂದು ತಿಳಿದು ಸುಲಿಯುತ್ತಿದೆಯಂತೆ. ನಿಮಗಿದ್ದದ್ದೂ ಇದೇ ಇರಬೇಕು.

ಇವತ್ತು ಹಲ್ಲಿನ ಡಾಕ್ಟರಮ್ಮ ಗದರಿದರು: “ಉಪ್ಪು ಹಾಕಿ ತಿಕ್ಕೋಕೆ ಯಾರ್ರೀ ಹೇಳಿದ್ದು?”

ನಿಮ್ಮ ಹೆಸರು ಹೇಳಲಿಲ್ಲ. ನಿಮ್ಮ ಮಾತು ಮಾತ್ರ ಬಾಯಿಗೆ ಬಂತು: “ಉರಿದ್ರೆ ವಾಸಿಯಾಗ್ತಿದೆ ಅಂತಲ್ವಾ?”

“ಗಾಯ ಆಗ್ತಿದೆ ಅಂತ! ಹಾಗಂತ ಉಜ್ಜೋದು ಬಿಟ್ರೆ ಕೊಳೆ ಕೂತು ಇನ್ನೂ ಹೆಚ್ಚಾಗುತ್ತೆ.”

ಮಕ್ಕಳ ಮೆತ್ತನೆಯ ಬ್ರಷ್ಷು, ಖಾರವಿಲ್ಲದ ಪೇಸ್ಟು ಕೊಟ್ಟರು. ಬಚ್ಚಲ ಬಾಗಿಲು ಹಾಕಿಕೊಂಡು ಉಜ್ಜಿದೆ. ನೀವು ಕಣ್ಣೊರೆಸಿಕೊಂಡು ಹೊರಬರುತ್ತಿದ್ದ ಬಾಗಿಲು.

ಅಷ್ಟೇನೂ ಉರಿಯಲಿಲ್ಲ. ಉರಿಯದೆ ವಾಸಿಯಾಗುತ್ತದೆಂದು ಹೇಗೆ ನಂಬಲಿ, ಅಪ್ಪಾ? ಉಪ್ಪಿನ ಡಬ್ಬಿ ಇನ್ನೂ ಕೈಯಲ್ಲೇ ಇದೆ.