ಹುಲಿಗೆಮ್ಮನ ಬಲಗೈ

ಶಕವರ್ಷ ೨೧೧೦, ಉರಿಮಾಸದ ಮೂವತ್ತೆಂಟನೆಯ ದಿನ
ಬೂದಗಲ್ಲು, ತುಂಗಭದ್ರೆಯ ಎಡದಂಡೆ

ನಮಗಿಂತ ಮೊದಲು ಬದುಕಿದವರೇ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಚೈತ್ರದಿಂದ ಇಪ್ಪತ್ತು ದಿನ, ವೈಶಾಖದಿಂದ ಇಪ್ಪತ್ತು ದಿನ ಕಿತ್ತು ನಮ್ಮ ಹಿರಿಯರು ಈ ಹದಿಮೂರನೆಯ ತಿಂಗಳನ್ನು ಮಾಡಿದರು. ಈ ನಲವತ್ತು ದಿನ ಮದುವೆಯಿಲ್ಲ, ಬಿತ್ತನೆಯಿಲ್ಲ, ಹೊರಗೆ ಕಾಲಿಡುವುದೂ ಇಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ನಾನು ಓದಿದವನಲ್ಲ. ಬೇಸರಪಡದೆ ಓದಿಕೊಳ್ಳಿ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಹತ್ತಿರದವರು ಹನ್ನೊಂದನೆಯ ದಿನ ನಿಮಗೊಂದು ಕಾಗದ ಬರೆಯುತ್ತಾರೆ. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ನಿಮಗೆ ತಲುಪುತ್ತದೆಂದು ಯಾರೂ ನಂಬುವುದಿಲ್ಲ. ಸತ್ತವರ ಬಗ್ಗೆ ಬದುಕಿರುವವರ ಮುಂದೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಒಂದು ದಾರಿ, ಅಷ್ಟೆ. ತೀರಿಕೊಂಡವಳು ಹುಲಿಗೆಮ್ಮ. ಅವಳು ಎಸೆಗಾರ್ತಿ. ಹದಿನಾಲ್ಕು ವರ್ಷ ಅವಳು ಎಸೆದದ್ದನ್ನೆಲ್ಲ ಹಿಡಿದ ಹಿಡಿಗಾರ ನಾನು, ಪಂಪಣ್ಣ.

ಆಟದ ಹೆಸರು ನಿಮಗೆ ಗೊತ್ತಿದೆ, ಬೇಸ್‌ಬಾಲ್. ಸಮುದ್ರದೊಳಗೆ ಹೋದ ದ್ವೀಪಗಳ ಜನ ನೂರು ವರ್ಷದ ಹಿಂದೆ ನಮ್ಮ ಈ ಎತ್ತರದ ಸೀಮೆಗೆ ಬಂದು ನೆಲೆಸಿದಾಗ ಇದನ್ನು ತಂದರು. ನಿಮ್ಮ ಕ್ರಿಕೆಟ್ಟಿಗೆ ಇಡೀ ದಿನ ಬೇಕಂತೆ. ನಮಗೆ ಬಿಸಿಲು ಕೊಡುವುದು ಬೆಳಗಿನ ಮೂರು ತಾಸು ಮಾತ್ರ. ಹೀಗೆ ಈ ಆಟ ಉಳಿಯಿತು. ಎಂಟು ಊರುಗಳ ಒಂದು ಕೂಟವಾಯಿತು. ಕೂಟಕ್ಕೆ ಸೇರಿದ ಊರಿನ ಮೈದಾನಕ್ಕೆ ಕೂಟದವರೇ ಮೇಲ್ದೆರೆ ಕಟ್ಟಿಸಿಕೊಡುತ್ತಿದ್ದರು. ಬಿಸಿಲನ್ನು ಆಕಾಶಕ್ಕೇ ವಾಪಸು ತಳ್ಳುವ ಬಿಳಿಯ ಬಟ್ಟೆ ಅದು; ನಮ್ಮ ಬಾಯಲ್ಲಿ ಬರೀ ದೆರೆ. ನೇಯುವ ಕಾರ್ಖಾನೆ ಒಂದೇ, ಅದೂ ಕೂಟದ ಕೈಯಲ್ಲಿ. ಆಟವಿಲ್ಲದ ಉರಿಮಾಸದಲ್ಲಿ ಇಡೀ ಊರು ಚಾಪೆ, ಮಡಕೆ, ತೊಟ್ಟಿಲು ಹೊತ್ತುಕೊಂಡು ಆ ದೆರೆಯ ಕೆಳಗೆ ಬಂದು ನಲವತ್ತು ದಿನ ಇರುತ್ತಿತ್ತು. ಅಲ್ಲೇ ಒಲೆ, ಅಲ್ಲೇ ಜಗಳ, ಅಲ್ಲೇ ಹೆರಿಗೆ. ವರ್ಷದ ಕೊನೆಗೆ ಎಂಟನೆಯ ಸ್ಥಾನಕ್ಕೆ ಇಳಿದ ಊರು ಕೂಟದಿಂದ ಹೊರಗೆ; ದೆರೆಯನ್ನು ಬಿಚ್ಚಿ ಹೊಸದಾಗಿ ಸೇರಿದ ಊರಿಗೆ ಒಯ್ಯುತ್ತಿದ್ದರು.

ನಮ್ಮೂರಿಗೆ ದೆರೆ ಬಂದದ್ದು ಹುಲಿಗೆಮ್ಮನ ತೋಳಿನಿಂದ. ಅದಕ್ಕೂ ಮೊದಲಿನ ಒಂದು ಉರಿಮಾಸದಲ್ಲಿ ಅವಳ ತಾಯಿ ಮನೆಯೊಳಗೇ, ಒದ್ದೆ ಸೀರೆ ಹೊದ್ದು ಮಲಗಿದ್ದವಳು ಏಳಲಿಲ್ಲ. ಹುಲಿಗೆಮ್ಮನಿಗೆ ಆಗ ಒಂಬತ್ತು ವರ್ಷ. ಅಪ್ಪ ಯಂಕಪ್ಪ ಕಾಲುವೆ ರಿಪೇರಿಯವನು. ಕಾಲುವೆಯ ಆಚೆ ದಂಡೆಯಲ್ಲಿ ಕೆಲಸವಿದ್ದಾಗ, ಸೇತುವೆ ಸುತ್ತಿ ಬರುವಷ್ಟರಲ್ಲಿ ಬಿಸಿಲೇರುತ್ತದೆಂದು ಮಗಳು ರೊಟ್ಟಿಯ ಗಂಟನ್ನು ಈಚೆಯಿಂದಲೇ ಎಸೆಯುತ್ತಿದ್ದಳು. ಗಂಟು ಒಂದು ದಿನವೂ ನೀರಿಗೆ ಬೀಳಲಿಲ್ಲ. ದ್ವೀಪದವರ ಪೈಕಿ ಮರಿಸೋಲ್ ಎಂಬ ಮುದುಕಿ ನಮಗೆ ಆಟ ಕಲಿಸುತ್ತಿದ್ದಳು. ಹುಟ್ಟಿದ್ದು ಇಲ್ಲೇ, ಮಾತೂ ಇಲ್ಲಿಯದೇ. ಹುಡುಗಿ ಗಂಟು ಎಸೆಯುವುದನ್ನು ನೋಡಿ ಅವಳು ಯಂಕಪ್ಪನ ಬಳಿ ಹೋಗಿ, "ಯಂಕಪ್ಪಾ, ನಿನ್ನ ಮಗಳನ್ನ ನನಗ ಕೊಡು. ರೊಟ್ಟಿ ನಾ ತಂದು ಕೊಡ್ತೀನಿ," ಎಂದಳಂತೆ.

ಹದಿನೇಳಕ್ಕೆ ಅವಳು ದಿಬ್ಬ ಹತ್ತಿದಳು. ಎಸೆಗಾರರು ನಿಲ್ಲುವ ಮಣ್ಣಿನ ದಿಬ್ಬ ಅದು. ಹದಿನೆಂಟು ಮೀಟರ್ ದೂರದಲ್ಲಿ, ದಾಂಡಿಗನ ಹಿಂದೆ, ನಾನು ಕುಕ್ಕರಗಾಲಲ್ಲಿ. ಒಂದು ಬೆರಳು ತೋರಿಸಿದರೆ ಬಿರುಸಿನ ಎಸೆತ, ಎರಡು ಬೆರಳು ತೋರಿಸಿದರೆ ತಿರುವು. ಬೇರೆ ಎಸೆಗಾರರು ತಲೆಯಾಡಿಸಿ ಬೇಡವೆನ್ನುತ್ತಿದ್ದರು. ಹುಲಿಗೆಮ್ಮ ಒಮ್ಮೆಯೂ ಬೇಡವೆನ್ನಲಿಲ್ಲ. ನಾನು ಕೇಳಿದ್ದನ್ನೇ ಎಸೆದಳು. ಆ ವರ್ಷವೇ ಕೂಟದ ಹೊರಗಿನ ಊರುಗಳನ್ನೆಲ್ಲ ಸೋಲಿಸಿ ನಾವು ಕೂಟಕ್ಕೆ ಸೇರಿದೆವು. ದೆರೆ ಏರಿದ ದಿನ ಯಂಕಪ್ಪ ಅದರ ನೆರಳಿನಲ್ಲಿ ಕೂತು ಹೆಂಡತಿಯ ಹೆಸರು ಹಿಡಿದು ಅತ್ತ.

ಬಿರುಸಿನ ಎಸೆತ ಮೊಣಕೈಯ ಒಳಮಗ್ಗುಲಿನ ನಾರನ್ನು ಸವೆಸುತ್ತದೆ. ಇಪ್ಪತ್ತಮೂರಕ್ಕೆ ಅದು ಹರಿಯಿತು. ಅವಳ ಎಡಗೈಯಿಂದಲೇ ನಾರು ತೆಗೆದು ಅಲ್ಲಿಗೆ ಹೊಲಿದರು. ಇಪ್ಪತ್ತೆಂಟಕ್ಕೆ ಮತ್ತೆ ಹರಿಯಿತು, ಕಾಲಿನಿಂದ ತೆಗೆದರು. ಮೂರನೆಯ ಸಲ ಹರಿದರೆ ಹೊಲಿಯಲು ಮೂಳೆಯಲ್ಲಿ ಜಾಗವಿಲ್ಲವೆಂದು ವೈದ್ಯರು ಹೇಳಿ ಕಳಿಸಿದರು. ತೋಳಿಗೆ ಬಿಸಿ ಎಳ್ಳೆಣ್ಣೆ ತಿಕ್ಕಿಕೊಂಡು ಇನ್ನೂ ಮೂರು ವರ್ಷ ಆಡಿದಳು. ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ನನ್ನ ಹೆಂಡತಿ ನೀಲವ್ವ ಜಡೆ ಹಾಕಿಕೊಡುತ್ತಿದ್ದಳು.

ಹದಿನಾಲ್ಕನೆಯ ವರ್ಷ ನಾವು ಏಳನೆಯ ಸ್ಥಾನಕ್ಕೂ ಎಂಟನೆಯದಕ್ಕೂ ನಡುವೆ ತೂಗುತ್ತಿದ್ದೆವು. ಮುದ್ದೇನಹಾಳದವರ ಮೇಲೆ ಕೊನೆಯ ಆಟ. ಉರಿಮಾಸಕ್ಕೆ ಹನ್ನೆರಡು ದಿನ ಬಾಕಿ. ನೀಲವ್ವ ಮೂರನೆಯ ಮಗುವಿನ ತುಂಬು ಬಸುರಿ.

ಆಟಕ್ಕೆ ಒಂಬತ್ತು ಸರದಿ. ಆರನೆಯದರಲ್ಲಿ ಚೆಂಡು ನನ್ನ ಕೈಗವಸಿಗೆ ಬಂದ ಸದ್ದೇ ಬೇರೆಯಾಯಿತು. ನಾರು ಬಿಡುತ್ತಿದೆ ಎಂದು ನನಗೆ ತಿಳಿಯಿತು. ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಎಂಟನೆಯ ಸರದಿ ಮುಗಿದಾಗ ನಾವು ಒಂದು ಓಟ ಮುಂದಿದ್ದೆವು. ಮರಿಸೋಲ್ ನನ್ನನ್ನು ಪಕ್ಕಕ್ಕೆ ಕರೆದಳು.

"ಆಕಿನ್ನ ಕೇಳಿದ್ರ ಸುಳ್ಳು ಹೇಳ್ತಾಳ. ನೀ ಖರೇ ಹೇಳು ಪಂಪಾ. ಕೈ ಹ್ಯಾಂಗೈತಿ?"

"ಚಲೋ ಐತಿ," ಎಂದೆ.

"ನಿನ್ನ ಮಕ್ಕಳ ಮ್ಯಾಲಾಣೆ?"

"ನನ್ನ ಮಕ್ಕಳ ಮ್ಯಾಲಾಣೆ."

ಮರಿಸೋಲ್ ಹುಲಿಗೆಮ್ಮನನ್ನೇ ಮತ್ತೆ ದಿಬ್ಬಕ್ಕೆ ಕಳಿಸಿದಳು.

ಒಂಬತ್ತನೆಯ ಸರದಿ. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು, ಇನ್ನಿಬ್ಬರು ಓಡಲು ಕಾದು ನಿಂತಿದ್ದರು. ದಾಂಡಿಗ ಎರಡು ಸಲ ಬೀಸಿ ತಪ್ಪಿದ್ದ. ಇನ್ನೊಂದು ಸಲ ತಪ್ಪಿದರೆ ಮೂರನೆಯವನೂ ಔಟ್, ಆಟ ಮುಗಿದು ದೆರೆ ನಮ್ಮದು. ತಿರುವು ಎಸೆದರೆ ಕೈಗೆ ಅಷ್ಟು ನೋವಿಲ್ಲ, ಆದರೆ ಆ ದಾಂಡಿಗ ಬೆಳಗಿನಿಂದ ತಿರುವನ್ನೇ ಕಾದು ಕೂತಿದ್ದ. ಹುಲಿಗೆಮ್ಮ ದಿಬ್ಬದ ಮೇಲಿಂದ ನನ್ನ ಬೆರಳು ನೋಡುತ್ತಿದ್ದಳು. ಮುಖ ಬಿಳಿಚಿತ್ತು. ನನಗೆ ಎಲ್ಲವೂ ಗೊತ್ತಿತ್ತು. ನಾನು ಒಂದು ಬೆರಳು ತೋರಿಸಿದೆ.

ಚೆಂಡು ಬಂತು. ದಾಂಡು ಗಾಳಿ ಸೀಳಿತು. ಇಡೀ ಊರು ಎದ್ದು ಕೂಗುತ್ತಿದ್ದಾಗ ಅವಳು ದಿಬ್ಬದ ಮೇಲೆ ಕೂತಿದ್ದಳು, ಬಲಗೈ ಪಕ್ಕದಲ್ಲಿ ಬೇರೆಯವರದೆಂಬಂತೆ ಬಿದ್ದಿತ್ತು. ಜನ ಅವಳನ್ನು ಹೊತ್ತು ಮೆರೆಸಿದರು. ನೋವಿಗೆ ಕಿರುಚಿದ್ದನ್ನು ಸಂತೋಷಕ್ಕೆ ಕಿರುಚಿದಳೆಂದುಕೊಂಡರು.

ಆ ಉರಿಮಾಸ ದೆರೆಯ ಕೆಳಗೆ ನನಗೆ ಮಗಳು ಹುಟ್ಟಿದಳು, ತುಂಗವ್ವ. ಆ ವರ್ಷ ಬೂದಗಲ್ಲಿನಲ್ಲಿ ಬಿಸಿಲಿಗೆ ಒಂದು ಜೀವವೂ ಹೋಗಲಿಲ್ಲ.

ಮರುವರ್ಷ ಎಸೆಯುವವರಿಲ್ಲದೆ ನಾವು ಎಂಟನೆಯವರಾದೆವು. ಎಂಟು ಜನ ಕೆಲಸಗಾರರು ಬಂದು ಒಂದೇ ಬೆಳಗಿನಲ್ಲಿ ದೆರೆ ಬಿಚ್ಚಿ, ಮಡಚಿ, ಗಾಡಿಗೆ ಹೇರಿದರು. ಒಳ್ಳೆಯ ಜನ, ಯಾರ ಮುಖವನ್ನೂ ನೋಡಲಿಲ್ಲ. ಆ ಉರಿಮಾಸದಲ್ಲಿ ನೂರ ಅರವತ್ತನಾಲ್ಕು ಮಂದಿ ಹೋದರು. ಇಪ್ಪತ್ತನೆಯ ದಿನ ತುಂಗವ್ವ. ಅವಳಿಗೆ ಒಂದು ವರ್ಷ ತುಂಬಿರಲಿಲ್ಲ.

ಸೂರ್ಯ ಹುಟ್ಟುವ ಮೊದಲೇ ಮಣ್ಣು ಮಾಡಬೇಕಿತ್ತು. ಹುಲಿಗೆಮ್ಮ ಬಂದು ಎಡಗೈಯಲ್ಲಿ ಮಣ್ಣು ಎಳೆದಳು. ನೀಲವ್ವನನ್ನು ಹೆಂಗಸರು ಒಳಗೆ ಕರೆದೊಯ್ದ ಮೇಲೆ ನಾನು ತಡೆಯಲಾರದೆ ಹೇಳಿಬಿಟ್ಟೆ, ಮರಿಸೋಲ್‌ಳ ಮುಂದೆ ನಾನಿಟ್ಟ ಆಣೆಯನ್ನು, ಗೊತ್ತಿದ್ದೇ ತೋರಿಸಿದ ಆ ಒಂದು ಬೆರಳನ್ನು. "ನಿನ್ನ ಕೈ ಮುರಿದವ ನಾನಽ ತಂಗಿ," ಎಂದೆ.

ಹುಲಿಗೆಮ್ಮ ಮಣ್ಣು ಸಮ ಮಾಡುವುದನ್ನು ನಿಲ್ಲಿಸಲಿಲ್ಲ. "ಸುಮ್ನಿರಣ್ಣಾ. ನೀ ಎರಡು ಬೆರಳು ತೋರಿಸಿದ್ರೂ ನಾ ಬಿರುಸೇ ಹಾಕ್ತಿದ್ದೆ."

ಹದಿನಾಲ್ಕು ವರ್ಷದಲ್ಲಿ ಅವಳು ನನ್ನ ಬೆರಳು ಮೀರಿ ಒಂದು ಚೆಂಡನ್ನೂ ಎಸೆದವಳಲ್ಲ. ಅವಳು ನನಗೆ ಹೇಳಿದ ಸುಳ್ಳು ಅದೊಂದೇ.

ಆಮೇಲೆ ಹತ್ತೊಂಬತ್ತು ವರ್ಷ ಬದುಕಿದಳು, ಎಡಗೈಯಲ್ಲಿ ಕಾಲುವೆಯ ತೂಬು ಎತ್ತುತ್ತ, ಇಳಿಸುತ್ತ. ಕೂಟ ಒಡೆಯಿತು. ದೆರೆಗಳು ಹರಿದವು, ಹೊಸದನ್ನು ನೇಯುವವರಿಲ್ಲ. ಈಗಿನ ಮಕ್ಕಳು ಚೆಂಡನ್ನು ನೋಡಿಲ್ಲ. ಈ ಉರಿಮಾಸದ ಇಪ್ಪತ್ತೆಂಟನೆಯ ದಿನ, ಐವತ್ತನೆಯ ವಯಸ್ಸಿಗೆ, ಅವಳು ತನ್ನ ತಾಯಿ ಹೋದ ಕೋಣೆಯಲ್ಲೇ ಹೋದಳು. ತೊಳೆಯುವಾಗ ಆ ಬಲಗೈಯನ್ನು ಹೆಂಗಸರಿಂದ ನೇರ ಮಾಡಲಾಗಲಿಲ್ಲ. ಹಾಗೇ ಮಡಚಿಯೇ ಮಲಗಿಸಿದೆವು.

ಹಿಂದೋಲೆಯ ಕೊನೆಯಲ್ಲಿ ಎಲ್ಲರೂ ನಿಮಗೊಂದು ಎಚ್ಚರಿಕೆ ಬರೆಯುತ್ತಾರೆ. ನಾನು ಬರೆಯುವುದಿಲ್ಲ. ನೀವು ಏನು ಮಾಡಿದಿರಿ, ಏನು ಮಾಡಲಿಲ್ಲ ಎಂಬುದು ನಮಗೆ ಗೊತ್ತು. ನನ್ನ ಕಾಗದದಿಂದ ಅದು ಬದಲಾಗಿಲ್ಲ ಎಂಬುದೂ ಗೊತ್ತು. ಕೇಳುವುದು ಇಷ್ಟೆ. ಇಲ್ಲಿ ಅವಳು ಆಡಿದ್ದನ್ನು ಕಂಡವರು ಬೆರಳೆಣಿಕೆಯಷ್ಟು ಉಳಿದಿದ್ದೇವೆ, ನಾವೂ ಹೆಚ್ಚು ದಿನ ಇರುವವರಲ್ಲ. ನೀವು ಬಹಳ ಜನ ಇದ್ದಿರಿ ಎಂದು ಕೇಳಿದ್ದೇನೆ. ನಿಮ್ಮಲ್ಲಿ ಯಾರಾದರೂ ಒಬ್ಬರು, ಒಂದೇ ಒಂದು ಸಲ, ಬಾಯಿಬಿಟ್ಟು ಹೇಳಿ: ಬೂದಗಲ್ಲಿನ ಹುಲಿಗೆಮ್ಮ, ಯಂಕಪ್ಪನ ಮಗಳು.

ಬರುತ್ತೇನೆ.

ಹಿಡಿಗಾರ ಪಂಪಣ್ಣ