ಎರಡನೇ ತಟ್ಟು ಜೋರು

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಸಂಜೆ

ಪ್ರೀತಿಯ ತಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಕ್ಯಾಮೆರಾ ಚೀಲವನ್ನು ಒಂದೇ ಹೆಗಲಿಗೆ ಹಾಕಬೇಡ ಎಂದರೆ ನೀನು ಕೇಳುವ ಪೈಕಿಯಲ್ಲ. ಫೋನಿನಲ್ಲಿ ಅಪ್ಪನ ಮಾತೆತ್ತಿದರೆ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ನಾನು ಹೀಗಿದ್ದೇನೆ. ಹಗಲೆಲ್ಲ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದು ಬಂದರೆ ಮನೆಯಲ್ಲಿ ಇನ್ನೊಂದು ಶಾಲೆ ಕಾದಿರುತ್ತದೆ.

ಲಕ್ವ ಹೊಡೆದು ನಾಲ್ಕು ತಿಂಗಳಾದರೂ ಅಪ್ಪನ ನಾಲಿಗೆ ಸರಿಯಾಗಿ ಹೊರಳುತ್ತಿಲ್ಲ. ಮಾತು ಕಲಿಸಲು ಬರುವ ಡಾಕ್ಟರಮ್ಮ ಒಂದು ಉಪಾಯ ಹೇಳಿದರು. ಉದ್ದದ ಪದವನ್ನು ತುಂಡು ಮಾಡಿ, ತುಂಡಿಗೊಂದು ಸಲ ಮೇಜು ತಟ್ಟಬೇಕು. ಒತ್ತು ಬೀಳುವಲ್ಲಿ ಜೋರಾಗಿ ತಟ್ಟಬೇಕು. ನನಗೆ ಮೊದಲು ನಗು ಬಂತು, ಆಮೇಲೆ ಅಳು. ಇಂಗ್ಲಿಷ್ ಮೇಷ್ಟ್ರಾಗಿ ಅವರು ನಮಗೆ ಮಾಡಿದ್ದೂ ಇದನ್ನೇ ಅಲ್ಲವೇ? ದಿನಕ್ಕೊಂದು ಪದ ತಟ್ಟಿ ಒಪ್ಪಿಸದೆ ಊಟದ ತಟ್ಟೆ ಮುಟ್ಟುವಂತಿರಲಿಲ್ಲ. ಯೂನಿವರ್ಸಿಟಿಗೆ ಐದು ತಟ್ಟು, ಮೂರನೆಯದು ಜೋರು. ನಿನ್ನ ಊಟ ಯಾವಾಗಲೂ ಆರಿಹೋಗುತ್ತಿತ್ತು.

ಈಗ ನಾನೇ ಮೇಷ್ಟ್ರು. "ಅಪ್ಪಾ, ಎರಡನೇದಲ್ಲ, ಮೂರನೇದು! ಎಷ್ಟು ಸಲ ಹೇಳ್ಬೇಕು?" ಎಂದು ನಿನ್ನೆ ಅದೇ ಯೂನಿವರ್ಸಿಟಿ ಪದಕ್ಕೆ ಗದರಿಬಿಟ್ಟೆ. ಅವರದೇ ಧ್ವನಿ ನನ್ನ ಬಾಯಲ್ಲಿ. ಅವರು ಮೇಜಿನಿಂದ ಕೈ ಹಿಂದೆಳೆದುಕೊಂಡರು. ಸಾಕಾಗಿದೆ ಕಣೋ. ಮಾಡಿದ್ದುಣ್ಣೋ ಮಹರಾಯ ಎಂದು ನೀನು ಹೇಳಬಹುದು. ಹೇಳು, ನಿನಗೆ ಹಕ್ಕಿದೆ. ಫೋಟೋಗ್ರಾಫರ್ ಆಗುತ್ತೇನೆ ಎಂದು ನೀನು ಹೇಳಿದ ದಿನ ಅವರಿಗೆ ಕೇಳಿಸಿದ್ದು ನಿನ್ನ ಆಸೆಯಲ್ಲ, ಮೊದಲ ತುಂಡಿಗೆ ನೀನು ಹಾಕಿದ ತಪ್ಪು ಒತ್ತು. "ಎರಡನೇದು ಜೋರು! ಕೆಲಸದ ಹೆಸರೇ ಹೇಳೋಕೆ ಬರಲ್ಲ, ಕೆಲಸ ಏನ್ ಮಾಡ್ತೀಯೋ?" ಎಂದು ನೆಂಟರೆದುರಿಗೇ ಮೇಜು ಕುಟ್ಟಿದರು. ನೀನು ಎದ್ದು ಹೋದೆ. ನೀವಿಬ್ಬರೂ ಮಾತಾಡಿ ಆರು ವರ್ಷವಾಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬೆನ್ನಿಗೂ ಕ್ಯಾಮೆರಾಗೂ ಒಳ್ಳೆಯದಾಗಲಿ.

ನಿನ್ನ,
ಅಕ್ಕ

ತಾಜಾಕಲಂ: ಕವರು ಅಂಟಿಸುವಷ್ಟರಲ್ಲಿ ಅಪ್ಪ ಮೇಜು ತಟ್ಟಿ ಕರೆದರು. ಡಾಕ್ಟರಮ್ಮ ಕೊಟ್ಟ ಪಟ್ಟಿಯಲ್ಲಿಲ್ಲದ ಪದವೊಂದನ್ನು ತೊದಲಿದರು, ಫೋಟೋಗ್ರಾಫರ್. ಮೊದಲನೆಯದನ್ನೇ ಜೋರಾಗಿ ತಟ್ಟಿದರು, ನಿನ್ನ ಹಾಗೆ. ತಿದ್ದಲು ಹೋದೆ. ಬೇಡವೆಂದು ತಲೆಯಾಡಿಸಿ, ಮತ್ತೆ ಹಾಗೇ ತಟ್ಟಿ, ಫೋನಿನ ಕಡೆ ಬೆರಳು ತೋರಿಸಿದರು. ಭಾನುವಾರ ಬೆಳಿಗ್ಗೆ ಫೋನ್ ಮಾಡು, ಅವರೇ ಎತ್ತುತ್ತಾರೆ. ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯುತ್ತದೆ, ಇಟ್ಟುಬಿಡಬೇಡ.